ಕ್ಯಾಪ್ಟನ್ ಯಾಕೆ ಸುಮ್ಮನಾದ?

"ಕ್ಯಾಪ್ಟನ್ ಲಿಸಾಂಡ್ರೊ ಸತ್ತಿಲ್ಲ ಕಣೇ, ಆ ಗ್ರಹದಲ್ಲೇ ಇನ್ನೊಬ್ಳನ್ನ ಕಟ್ಕೊಂಡಿದಾನೆ. ಹಾಗೇ ಬರಿ," ಎಂದಳು ಕ್ಲಾರಿಂಗ್. ಅವಳ ಬಳಿ ಹೊಲಿಗೆ ಕೆಲಸಕ್ಕಿದ್ದ ಅಡೆಲ್ಫಾ ಕಾರ್ಡಿನ ಮೇಲೆ ಕ್ಯಾಪ್ಟನ್ನನ ಹೆಸರನ್ನಷ್ಟೇ ಗುಂಡಗೆ ಬರೆದು ಪೆನ್ನು ಮೇಲೆತ್ತಿದಳು.

ಹಾರೋ ಎಂಬ ಊರಿನ ಮಾರುಕಟ್ಟೆಯ ಮಗ್ಗುಲಲ್ಲಿದ್ದ ಕ್ಲಾರಿಂಗಳ ಹೊಲಿಗೆ ಅಂಗಡಿಯಲ್ಲಿ ಮಧ್ಯಾಹ್ನ ಒಂದೂವರೆಗೆ ಮಿಷನ್ನುಗಳು ನಿಂತುಬಿಡುತ್ತಿದ್ದವು. ಶಾಲೆ ತೆರೆಯಲು ಹತ್ತೇ ದಿನ, ಯೂನಿಫಾರ್ಮುಗಳ ರಾಶಿ ಸೂರು ಮುಟ್ಟಿದ್ದರೂ ರೇಡಿಯೋ ನಾಟಕಕ್ಕೆ ಅರ್ಧ ಗಂಟೆ ಕೊಡಲೇಬೇಕು. ನಾಟಕದಲ್ಲಿ ಕ್ಯಾಪ್ಟನ್ನನ ನೌಕೆ ಕಪ್ಪು ಚಂದ್ರನ ಹಿಂದೆ ಸರಿದು ಮೂರು ವಾರವಾಗಿತ್ತು. ಅಂದಿನಿಂದ ಅವನ ದನಿಯೇ ಇಲ್ಲ. ಭೂಮಿಯ ಮೇಲೆ ಅವನ ಹೆಂಡತಿ ಆಲ್ಮಾ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತಿರುತ್ತಾಳೆ; ಬರೀ ಕರಕರ ಸದ್ದು ಕೇಳಿಸಿ ಆ ದಿನದ ಭಾಗ ಮುಗಿಯುತ್ತದೆ. ಮುಂದೇನಾಗಬಹುದು ಎಂದು ಕೇಳುಗರು ಕಾರ್ಡು ಬರೆದು ಕಳಿಸಬೇಕು, ಒಳ್ಳೆಯದನ್ನು ಶುಕ್ರವಾರ ಓದುತ್ತಾರೆ. ಹೋದ ವರ್ಷ ಅಂಗಡಿಯ ಹೆಸರು ಒಂದು ಸಲ ರೇಡಿಯೋದಲ್ಲಿ ಬಂದದ್ದಕ್ಕೇ ಕ್ಲಾರಿಂಗ್ ಬೀದಿಗೆಲ್ಲ ಬಿಬಿಂಕಾ ಅಕ್ಕಿ ಕೇಕು ಹಂಚಿದ್ದಳು. ಇವತ್ತಿನ ಕಾರ್ಡು ಮೂರು ಗಂಟೆಯ ಜೀಪ್ನಿ ಬಸ್ಸಿನವನ ಕೈ ಸೇರಬೇಕಿತ್ತು.

"ಯಾಕೆ ನಿಲ್ಲಿಸಿದೆ? ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ತೀಯ?"

"ಏನಿಲ್ಲ ಮನಾಂಗ್, ಪೆನ್ನು ಸರಿಯಾಗಿ ಬರೀತಿಲ್ಲ," ಎಂದಳು ಅಡೆಲ್ಫಾ. ವಯಸ್ಸಿನಲ್ಲಿ ದೊಡ್ಡವಳಾದ ಕ್ಲಾರಿಂಗಳನ್ನು ಅವಳು ಅಕ್ಕನಂತೆ ಹಾಗೇ ಕರೆಯುತ್ತಿದ್ದಳು.

ಪೆನ್ನು ಚೆನ್ನಾಗಿಯೇ ಬರೆಯುತ್ತಿತ್ತು. ಕೆಟ್ಟಿದ್ದು ಅವಳ ಮನಸ್ಸು. ಗಂಡ ರುಫೀನೊ ಜೆದ್ದಾದಲ್ಲಿ ವೆಲ್ಡಿಂಗ್ ಕೆಲಸಕ್ಕೆ ಹೋಗಿ ಎರಡು ವರ್ಷ. ಕಾಗದ ಬರೆಯುವ ಅಭ್ಯಾಸ ಅವನಿಗಿಲ್ಲ. ಅವನು ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಗೆ ಬರುವವರ ಕೈಲಿ ಕಳಿಸುತ್ತಿದ್ದ. ಅವಳು ಕೇಳಿ, ಅದರ ಮೇಲೆಯೇ ತನ್ನ ಮಾತು ತುಂಬಿ, ಹೋಗುವವರ ಕೈಲಿ ಕಳಿಸುತ್ತಿದ್ದಳು. ಆ ಒಂದೇ ಕ್ಯಾಸೆಟ್ಟು ಎಷ್ಟು ಸಲ ಸಮುದ್ರ ದಾಟಿತ್ತೋ. ಆದರೆ ಕಳೆದ ಸಲ ಬಂದ ಅವನ ದನಿಯನ್ನು ಅಳಿಸಲು ಅವಳಿಗೆ ಮನಸ್ಸಾಗಲಿಲ್ಲ. ಹೊಸದೊಂದನ್ನು ಕೊಂಡು ತಂದಳು. ಖಾಲಿ ಕ್ಯಾಸೆಟ್ಟಿಗೆ ಮಾತಾಡುವುದು ಗೋಡೆಗೆ ಮಾತಾಡಿದಂತಾಗಿ ಬಾಯಿ ಕಟ್ಟಿತು. ಅವನೇ ಇನ್ನೊಂದು ಕಳಿಸಲಿ, ಜೆದ್ದಾದಲ್ಲಿ ಕ್ಯಾಸೆಟ್ಟಿಗೇನು ಬರವೇ ಎಂದು ಮುನಿಸಿಕೊಂಡು ಕಾದಳು. ಐದು ತಿಂಗಳಾಯಿತು. ಮುನಿಸು ಹೋಗಿ ಈಗ ಹೆದರಿಕೆ ಕೂತಿತ್ತು. ಅವನು ಬೇಕು, ಈಗಲೇ ಬೇಕು, ದನಿಯಾದರೂ ಬೇಕು ಎಂದು ಜೀವ ಹಂಬಲಿಸುತ್ತಿತ್ತು.

ಕ್ಲಾರಿಂಗ್ ತನ್ನ ಊಹೆಯನ್ನು ಬಿಡಿಸಿ ಹೇಳತೊಡಗಿದಳು. ಗಂಡಸು ಸುಮ್ಮನಾದನೆಂದರೆ ಅದಕ್ಕೆ ಕಾರಣ ಒಂದೇ, ಅವನು ಭೂಮಿಯಲ್ಲಿರಲಿ ಚಂದ್ರನ ಹಿಂದಿರಲಿ. ಆ ಗ್ರಹದ ಹೆಂಗಸರಿಗೆ ಹಸಿರು ಮೈಬಣ್ಣವಿದ್ದರೂ ಅಡ್ಡಿಯಿಲ್ಲ, ಅಡುಗೆ ಬಂದರೆ ಸಾಕು. ಹೇಳುತ್ತ ಹೇಳುತ್ತ ಅವಳ ಕಣ್ಣು ಅಡೆಲ್ಫಾಳ ಮೇಲೆ ಬಿತ್ತು. ಬಾಯಿ ಜಾರಿದ್ದು ಅವಳಿಗೇ ತಿಳಿದು, ಕತ್ತರಿ ಹುಡುಕುವವಳಂತೆ ಬಗ್ಗಿದಳು.

ಮೂಲೆಯಲ್ಲಿ ಕಾಜ ಹಾಕುತ್ತಿದ್ದ ಮುದುಕಿ ಪಾಸಿಂಗ್ ದಾರವನ್ನು ಹಲ್ಲಿನಿಂದ ಕಡಿದು ಕೇಳಿದಳು: "ಆ ಆಲ್ಮಾ ಮೂರು ವಾರದಿಂದ ಕಿವಿ ಕೊಟ್ಕೊಂಡು ಕೂತಿದಾಳಲ್ಲ, ಒಂದು ದಿನಾನಾದ್ರೂ ಗುಂಡಿ ಒತ್ತಿ ಮಾತಾಡಿದ್ಳಾ?"

"ಅವ್ಳೇನು ಮಾತಾಡ್ತಾಳೆ ಅಜ್ಜಿ? ಮಾತಾಡ್ಬೇಕಾದೋನು ಅವ್ನು," ಎಂದಳು ಕ್ಲಾರಿಂಗ್.

"ಅವ್ನೂ ಹಂಗೇ ಅನ್ಕೊಂಡಿದ್ರೆ? ಇವಳು ಮಾತಾಡ್ಲಿ ಅಂತ ಅಲ್ಲಿ ಅವ್ನೂ ಕಿವಿ ಕೊಟ್ಕೊಂಡು ಕೂತಿದ್ರೆ?"

ಇಂಥದ್ದನ್ನು ಬರೆದರೆ ರೇಡಿಯೋದವರು ನಕ್ಕುಬಿಡುತ್ತಾರೆ ಎಂದು ಕ್ಲಾರಿಂಗ್ ಅದನ್ನು ತಳ್ಳಿಹಾಕಿದಳು. ಅಡೆಲ್ಫಾ ಮಾತ್ರ ಕಾರ್ಡನ್ನು ಕೆಳಗಿಟ್ಟಳು. ವಿಮಾನ ಹತ್ತುವ ದಿನ ರುಫೀನೊ ಹೇಳಿದ್ದು ನೆನಪಾಯಿತು. ಕ್ಯಾಸೆಟ್ಟು ಯಾರ ಕೈಲಿದೆಯೋ ಸರದಿ ಅವರದು, ನಡುವೆ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ ಎಂದು ನಗುತ್ತ ಹೇಳಿದ್ದ. ಕ್ಯಾಸೆಟ್ಟು ಐದು ತಿಂಗಳಿಂದ ಅವಳ ದಿಂಬಿನ ಕೆಳಗಿತ್ತು. ತನ್ನ ತಪ್ಪಿಗೆ ಇಷ್ಟು ದಿನ ಅವನನ್ನು ಬೈದುಕೊಂಡೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು, ಅದರ ಬೆನ್ನಿಗೇ ಅಳುವಷ್ಟು ಸಂತೋಷವೂ ಆಯಿತು.

ಕಾರ್ಡಿನಲ್ಲಿ ಕ್ಲಾರಿಂಗ್ ಹೇಳಿದ್ದನ್ನೇ ಒಂದಕ್ಷರ ಬಿಡದೆ ಬರೆದಳು. ಹಸಿರು ಹೆಂಡತಿಯ ಅಡುಗೆಯನ್ನೂ ಸೇರಿಸಿದಳು. ಈಗ ಅದು ಬರೀ ಕ್ಯಾಪ್ಟನ್ನನ ಸಂಸಾರದ ಮಾತಾಗಿತ್ತು. ಜೀಪ್ನಿ ಬಂದಾಗ ಕಾರ್ಡನ್ನು ಚಾಲಕನಿಗೆ ಕೊಟ್ಟು, ತಲೆನೋವೆಂದು ಹೇಳಿ ತಾನೂ ಅದನ್ನೇ ಹತ್ತಿದಳು.

ಮನೆಯಲ್ಲಿ ಬಾಗಿಲು ಹಾಕಿಕೊಂಡು, ಕ್ಯಾಸೆಟ್ಟನ್ನು ಕೊನೆಯ ಸಲ ಮೊದಲಿನಿಂದ ತುದಿಯವರೆಗೂ ಕೇಳಿದಳು. ಅವನ ಮೊದಲ ಮಾತು ಯಾವಾಗಲೂ ಒಂದೇ. "ಅಡೆಲ್ಫಾ, ಊಟ ಆಯ್ತಾ?" ಆಮೇಲೆ ಮರಳು, ಬಿಸಿಲು, ಒಣಮೀನು ಸಿಗದ ಕಷ್ಟ, ಗೆಳೆಯರ ಗೊರಕೆ. ಮುಗಿದ ಮೇಲೆ ಹಿಂದಕ್ಕೆ ಸುತ್ತಿದಳು. ದನಿ ತುಂಬಿಸಲು ಒತ್ತಬೇಕಾದ ರೆಕಾರ್ಡರಿನ ಎರಡು ಗುಂಡಿಗಳ ಮೇಲೆ ಎರಡು ಬೆರಳಿಟ್ಟು ತುಂಬ ಹೊತ್ತು ಕೂತಳು. ಕೊನೆಗೆ ಒಟ್ಟಿಗೇ ಒತ್ತಿದಳು. ಚಕ್ರಗಳು ತಿರುಗತೊಡಗಿದವು, ಒಳಗೆ ಅವನ ದನಿ ಅಳಿಯತೊಡಗಿತು. ಅವನು ಊಟ ಕೇಳಿದ್ದ ಜಾಗ ದಾಟಿ ಹೋಗುವ ಮೊದಲೇ ಅವಳು ಬಾಯಿಯನ್ನು ಹತ್ತಿರ ತಂದಳು.

"ಆಯ್ತು ರುಫೀನೊ," ಎಂದಳು. "ನಿಂದು?"