ಎಡಗೆನ್ನೆ

ಇಸ್ತ್ರಿ ಮಾಡುವಾಗ ಅಂಗಿಯ ಕಾಲರ್ ಸುಟ್ಟಳೆಂದು ಗಂಡ ಅವಳ ಎಡಗೆನ್ನೆಗೆ ಬಾರಿಸಿದ್ದ. ಮರುದಿನ ಹಲ್ಲುಜ್ಜುವಾಗ ಆ ಕೆನ್ನೆಯಲ್ಲಿ ಕರೆಂಟು ಹೊಡೆದಂಥ ನೋವು ಶುರುವಾಯಿತು. ಹಲ್ಲಿನ ಡಾಕ್ಟರು ಮೂರು ದವಡೆ ಹಲ್ಲು ಕಿತ್ತರೂ ಅದು ಹೋಗಲಿಲ್ಲ.

ಆಮೇಲೆ ಆರು ವರ್ಷ ಗಂಡ ಕೈ ಎತ್ತಲಿಲ್ಲ. ಗಾಳಿ ಸೋಕಿದರೂ ಚೀರುತ್ತಾಳೆಂದು ಫ್ಯಾನ್ ಆರಿಸುತ್ತಿದ್ದ. ಅಗಿಯಲಾಗದವಳಿಗೆ ತಾನೇ ಗಂಜಿ ಮಾಡಿ ಕುಡಿಸುತ್ತಿದ್ದ.

ನರರೋಗದ ಡಾಕ್ಟರು ಸ್ಕ್ಯಾನ್ ನೋಡಿದರು. "ರಕ್ತನಾಳವೊಂದು ಮುಖದ ನರವನ್ನು ಒತ್ತುತ್ತಿದೆ. ನೋವಿಗೆ ಅದೇ ಕಾರಣ."

"ನಾನು ಹೊಡೆದಿದ್ದಕ್ಕೇ ಹಿಂಗಾಯ್ತು ಡಾಕ್ಟ್ರೇ," ಎಂದ ಗಂಡ.

ಡಾಕ್ಟರು ಅವನನ್ನು ದಿಟ್ಟಿಸಿದರು. "ಹೊಡೆದದ್ದು ತಪ್ಪು. ಆದರೆ ಈ ಕಾಯಿಲೆ ಅದರಿಂದ ಬಂದದ್ದಲ್ಲ."

"ಖಂಡಿತಾನಾ?"

"ಖಂಡಿತ."

ಅವನು ಕಣ್ಣೊರೆಸಿಕೊಂಡು ಕೈಮುಗಿದ. ಇಬ್ಬರೂ ಲಿಫ್ಟ್ ಹತ್ತಿದರು. ಬಾಗಿಲು ಮುಚ್ಚಿತು.

"ಸದ್ಯ, ಏನೂಂತ ಗೊತ್ತಾಯ್ತಲ್ಲ ರೀ," ಎಂದಳು ಅವಳು.

"ಆರು ವರ್ಷ ನನ್ನ ಕೈಲಿ ಗಂಜಿ ಮಾಡಿಸ್ಕೊಂಡು ಕುಡಿದ್ಯಲ್ಲೇ," ಎನ್ನುತ್ತ ಅವನು ಅದೇ ಎಡಗೆನ್ನೆಗೆ ಬಾರಿಸಿದ.