ಹೆಗಲ ಮೇಲಿನ ಕೈ

ಮುದಕಪ್ಪನ ಕಣ್ಣು ಮಿಂಚುಳ್ಳಿಯ ಹಿಂದೆ ಹೋಯಿತು.

ಅವನ ತಲೆಗೆ ನೀರು ಹೊಯ್ಯುತ್ತಿದ್ದ ಮಲ್ಲೇಶನ ತಂಬಿಗೆ ಗಾಳಿಯಲ್ಲೇ ನಿಂತಿತು. ಹಕ್ಕಿ ಬಂಡೆಯಿಂದ ಹಾರಿತು, ಕಾಳಿ ಹೊಳೆಗೆ ಬಿದ್ದಿತು, ಮೀನು ಕಚ್ಚಿಕೊಂಡು ಆಚೆ ದಡದ ಬಿದಿರಿನ ಮೇಲೆ ಹೋಗಿ ಕೂತಿತು. ಕುರುಡನ ಕಣ್ಣೂ ಅಲ್ಲಿಯವರೆಗೆ ಹೋಗಿ ಅಲ್ಲೇ ಕೂತಿತು.

ಮಲ್ಲೇಶ ದಾಂಡೇಲಿಯವನು, ಕಾಗದ ಕಾರ್ಖಾನೆಯ ಕಾರ್ಮಿಕನ ಮಗ. ಡಿಗ್ರಿ ಮುಗಿಸಿ, ಕೆಲಸ ಸಿಗದೆ ಯುವಕ ಸಂಘ ಸೇರಿದ್ದ. ಸಂಘದವರು ಸೇವೆಗೆಂದು ಮುದುಕರನ್ನೂ ಅಂಗವಿಕಲರನ್ನೂ ತಮ್ಮೊಳಗೆ ಹಂಚಿಕೊಂಡಾಗ ಅವನ ಪಾಲಿಗೆ ಬಂದವನು ಕೋಗಿಲಬನದ ಮುದಕಪ್ಪ. ಭಾನುವಾರಗಳಂದು ಸೈಕಲ್ ತುಳಿದು ಬಂದು ಸ್ನಾನ ಮಾಡಿಸುತ್ತಿದ್ದ, ಗಡ್ಡ ಹೆರೆಯುತ್ತಿದ್ದ, ಉಗುರು ತೆಗೆಯುತ್ತಿದ್ದ. ಅದಕ್ಕಾಗಿ ಕ್ರಿಕೆಟ್ ಬಿಟ್ಟಿದ್ದ. ಜನ ಹೊಗಳಿದರೆ ಬೇಡವೆನ್ನುತ್ತಿರಲಿಲ್ಲ.

ಮನೆ ನಡೆಯುತ್ತಿದ್ದುದು ಮುದಕಪ್ಪನ ಹೆಂಡತಿ ಗೋದುಬಾಯಿಯಿಂದ. ಶಾಲೆಗಳಲ್ಲಿ ಬಿಸಿಯೂಟ ಶುರುವಾದ ಹೊಸತು. ಮೊದಲಿನ ಅಡಿಗೆಯವಳು ಶಿವಗಂಗವ್ವ ಕೈ ನಡುಗಿ ಸಾರು ಚೆಲ್ಲಿದ್ದಕ್ಕೆ ಹೆಡ್‌ಮಾಸ್ತರ ಚನಬಸಪ್ಪನವರು ಅವಳನ್ನು ಅವತ್ತೇ ಮನೆಗೆ ಕಳಿಸಿದ್ದರು. ಆ ಜಾಗಕ್ಕೆ ಬಂದ ಗೋದುಬಾಯಿಯ ಅನ್ನದಲ್ಲಿ ಹರಳಿಲ್ಲ, ಕೂದಲಿಲ್ಲ. ಅವಳು ಕೇಳಿದ್ದು ಒಂದೇ ರಿಯಾಯಿತಿ: ಕುರುಡ ಗಂಡನನ್ನು ಒಬ್ಬನೇ ಮನೆಯಲ್ಲಿ ಬಿಡಲಾಗದು, ಅಡಿಗೆಮನೆಯ ಮೂಲೆಯಲ್ಲಿ ಕೂತಿರಲಿ. ಮಾಸ್ತರರು ಕನಿಕರಪಟ್ಟು ಒಪ್ಪಿದ್ದರು.

ದಿನಾ ಬೆಳಿಗ್ಗೆ ಅವಳು ಮುಂದೆ, ಅವಳ ಹೆಗಲ ಮೇಲೆ ಕೈಯಿಟ್ಟು ಅವನು ಹಿಂದೆ. ಕಂಡವರು ಪಾಪ ಅನ್ನುತ್ತಿದ್ದರು. ಮೂಲೆಯಲ್ಲಿ ಕೂತು ಅವನು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ. ಕುರುಡನ ಬೆರಳಿಗೇ ಕಣ್ಣು ಬಂದಿವೆ ಎಂದು ಜನ ಬೆರಗಾಗುತ್ತಿದ್ದರು.

ಗೋದುಬಾಯಿಗೆ ಮಲ್ಲೇಶನೆಂದರೆ ಪ್ರಾಣ. ಅವನು ಹೊಸಿಲು ದಾಟಿದ ಕೂಡಲೇ ಎರಡೂ ಅಂಗೈಗಳನ್ನು ಅವನ ಮುಖದ ಮೇಲೆ ಇಳಿಸಿ, ತನ್ನ ಕಪಾಳಕ್ಕೆ ಒತ್ತಿ ಲಟಲಟ ನೆಟಿಗೆ ಮುರಿಯುತ್ತಿದ್ದಳು. "ನನ್ನ ಮಲ್ಲೇಶಗ ಯಾರ ದೃಷ್ಟಿನೂ ತಾಗದಿರ್ಲಿ!"

ಇಂಥವಳಿಗೆ ಇಂಥ ಗಂಡ.

ಮಲ್ಲೇಶನಿಗೆ ಇನ್ನೊಂದು ನೆನಪಾಯಿತು. ಒಮ್ಮೆ ಅವನು ಶಾಲೆಗೆ ಹೋದಾಗ ಸಾರಿನ ಹಂಡೆಯ ಅಂಚಿನಲ್ಲಿ ಹಲ್ಲಿ. ಗೋದುಬಾಯಿ ಹೊಗೆಯೊಳಗೆ ಸೌಟು ಆಡಿಸುತ್ತಲೇ ಇದ್ದಳು. ಮೂಲೆಯಿಂದ ಮುದಕಪ್ಪ "ಗೋದಾ, ಕೈ ತಡಿ!" ಎಂದು ಚೀರಿದ್ದ. ಹಲ್ಲಿ ಲೊಚಗುಟ್ಟಿದ್ದು ಅವನಿಗೆ ಕೇಳಿಸಿರಬೇಕು ಎಂದುಕೊಂಡಿದ್ದ ಮಲ್ಲೇಶ.

ಈಗ ತಂಬಿಗೆ ಕೆಳಗಿಟ್ಟ. ಸದ್ದಿಲ್ಲದೆ ಎರಡು ಬೆರಳು ಚಾಚಿ ಮುದುಕನ ಕಣ್ಣಿನ ಹತ್ತಿರ ಥಟ್ಟನೆ ಒಯ್ದ. ಮುದಕಪ್ಪ ತಲೆ ಹಿಂದೆಳೆದುಕೊಂಡ.



"ಇಷ್ಟು ದಿನ ನಿನ್ನ ಬೆನ್ನು ತಿಕ್ಕೇನಲ್ಲೋ ಯಜ್ಜಾ! ನಾಟಕಾ ಮಾಡ್ತಿದ್ದೇನು?"

"ನಾ ಬ್ಯಾಡ ಅಂದ್ರ ಕೇಳಿದೇನು? ಬಂದೇ ಬಂದಿ. ಬರೂಮುಂದ ಫೋಟೋದಾಂವನ್ನೂ ಕರಕೊಂಡು ಬಂದಿ."

"ಹೆಂಡ್ತಿ ಹೆಗಲಿಗೆ ಜೋತುಬಿದ್ದು ಉಣ್ಣಾಕ ನಾಚಿಕಿ ಬರೂದಿಲ್ಲ?"

ಮುದಕಪ್ಪನ ಒದ್ದೆ ತಲೆ ತಗ್ಗಿತು. "ಆ ಕೈ ತಗದ್ರ ನಮ್ಮ ಮನಿ ಬೀಳ್ತೈತಿ ತಮ್ಮಾ. ನನಗ ಕಳ್ಳ ಅನ್ನು, ಸುಳ್ಳ ಅನ್ನು. ಸಾಲಿಮಟ ಈ ಮಾತು ಒಯ್ಯಬ್ಯಾಡ."

"ಯಾಕ ಒಯ್ಯಬಾರದು? ಕಾರಣ ಹೇಳು."

ಮುದುಕ ಅವನ ಮುಖವನ್ನೇ ನೇರವಾಗಿ ನೋಡಿದ. "ಹೇಳ್ತಿದ್ದೆ. ಆದ್ರ ನಿನ್ನ ಬಾಯಿ ಗಟ್ಟಿ ಇಲ್ಲ."

ಆ ಮಾತು ನಾಟಿತು. ಮಲ್ಲೇಶ ಅವನ ಮೈ ಒರೆಸಲಿಲ್ಲ. ಅವನನ್ನು ದಡದಲ್ಲೇ ಬಿಟ್ಟು ಸೈಕಲ್ ಹತ್ತಿ ನೆಟ್ಟಗೆ ಚನಬಸಪ್ಪ ಮಾಸ್ತರರ ಮನೆಗೆ ಹೋದ.

ಮಾಸ್ತರರು ಕೇಳಿ ಕೆಂಡವಾದರು. "ಕುರುಡ ಅಂತ ಬಿಟ್ಕೊಂಡಿದ್ದೆ. ಗಟ್ಟಿಮುಟ್ಟ ಗಂಡಸಿಗೆ ಅಡಿಗಿಮನ್ಯಾಗ ಏನು ಕೆಲಸ? ನಾಳಿಂದ ಗೇಟು ದಾಟಸೂದಿಲ್ಲ."

"ಗೋದುಬಾಯಿ ಅವ್ವನ್ನ ಬಿಡಸಬ್ಯಾಡ್ರಿ ಸರ್. ಪಾಪ, ಆಕೀದೇನು ತಪ್ಪೈತಿ?"

"ಆಕೀನ್ನ ಯಾಕ ಬಿಡಸ್ಲಿ? ಅಂಥ ಅಡಿಗೆಯಾಕಿ ಎಲ್ಲಿ ಸಿಗತಾಳ?"

ಸೋಮವಾರ ಮಲ್ಲೇಶ ಬೇಗನೆ ಶಾಲೆಗೆ ಬಂದ. ಗೋದುಬಾಯಿಯ ಹೆಗಲಿನ ಭಾರ ಇಳಿಯುವುದನ್ನು ಕಣ್ಣಾರೆ ನೋಡಬೇಕಿತ್ತು. ಅಂಗಳದ ನಡುವೆ ಮಾಸ್ತರರ ಪಕ್ಕದಲ್ಲಿ ನಿಂತ.

ಗಂಡ ಹೆಂಡತಿ ಎಂದಿನಂತೆ ಬಂದರು. ಗೇಟಿನಲ್ಲಿ ಜವಾನ ದ್ಯಾಮಪ್ಪ ಕೈ ಅಡ್ಡ ಹಿಡಿದ. "ಅವ್ವಾರು ಒಳಗ, ಯಜಮಾನ್ರು ಹೊರಗ. ಸಾಹೇಬ್ರ ಹುಕುಂ."

ಮುದಕಪ್ಪ ಕೈಮುಗಿದ. ದ್ಯಾಮಪ್ಪ ನಕ್ಕ. "ನನಗ ಯಾಕ ಮುಗೀತಿ ಮಾರಾಯಾ? ಕಣ್ಣು ಬಂದಾವಲ್ಲ, ಹೋಗಿ ದೇವರಿಗೆ ಮುಗಿ."

ಗೋದುಬಾಯಿ ತನ್ನ ಬರಿ ಹೆಗಲನ್ನು ಒಮ್ಮೆ ಮುಟ್ಟಿಕೊಂಡಳು. ಸೆರಗು ಬಿಗಿದಳು. ತಲೆಯೆತ್ತಿ ಒಳಗೆ ನಡೆದಳು. ಗೇಟಿನಾಚೆ ಮುದಕಪ್ಪ ಕೂಗಲು ಬಾಯಿ ತೆರೆದ. ಮಾಸ್ತರರನ್ನು ಕಂಡು ಮುಚ್ಚಿದ.

ಮಲ್ಲೇಶ ದಾರಿಗೆ ಎದುರಾಗಿ ನಿಂತು ನಗುತ್ತ ಕಾದ. ಅವಳು ನಿಧಾನಿಸಲಿಲ್ಲ. ನೇರ ಬಂದು ಅವನ ಎದೆಗೆ ಹಾಯ್ದಳು. ತಡವರಿಸಿ, ಎರಡೂ ಅಂಗೈ ಅವನ ಮುಖದ ಮೇಲೆ ಇಳಿಸಿದಳು. ಹಣೆ, ಮೂಗು, ಮೀಸೆ. ಈ ಸಲ ನೆಟಿಗೆ ಮುರಿಯಲಿಲ್ಲ.

"ಮಲ್ಲೇಶಾ, ನೀ ಏನು?" ಮಾಸ್ತರರ ತೋಳಿಗೆ ಸೆರಗು ತಾಗುವಷ್ಟು ಹತ್ತಿರದಲ್ಲಿ ನಿಂತು ಅವಳು ಪಿಸುಗುಟ್ಟಿದಳು. "ನಿನಗ ಪುಣ್ಯಾ ಬರ್ತೈತಿ ಯಪ್ಪಾ, ಮಾಸ್ತರ್ ಬರೂದರಾಗ ನನ್ನ ಒಲೀ ಮುಂದ ಒಯ್ದು ನಿಂದ್ರಸು."