ನಾಲ್ಕನೆಯ ದಿಂಬು

“ಇದು ಯಾರದೇ? ಮೂರು ದಿಂಬೂ ತುಂಬಿ ಆಯ್ತಲ್ಲ?” ಖಾಲಿ ದಿಂಬಿನ ಚೀಲವೊಂದನ್ನು ತಿರುಗಿಸಿ ನೋಡುತ್ತ ಸೀತಮ್ಮ ಕೇಳಿದರು.

“ಮನೇಲಿ ನಾಲ್ಕು ತಲೆ ಅತ್ತೆ. ಇದು ನಿಮ್ಮದು,” ಎಂದಳು ಜಯಾ.

ಜಯನಗರದಲ್ಲಿ ಸೈಟು ಸಿಕ್ಕಿ ಕಟ್ಟಿಸಿದ ಹೊಸ ಮನೆ. ಬೂರುಗದ ಹತ್ತಿ ಹಾರಿಹೋಗದಂತೆ ನಡುಮನೆಯ ಕಿಟಕಿಗಳನ್ನೆಲ್ಲ ಮುಚ್ಚಿ ಬೆಳಗಿನಿಂದ ದಿಂಬು ತುಂಬುವ ಕೆಲಸ ನಡೆದಿತ್ತು. ಯಾರ ದಿಂಬಿಗೆ ಎಷ್ಟು ಹತ್ತಿ ಎಂಬುದರಲ್ಲಿ ಸೀತಮ್ಮ ಹೇಳಿದ್ದೇ ಕೊನೆ. ಒಡಹುಟ್ಟಿದ ತಮ್ಮ ಶಾಮಣ್ಣನಿಗೆ ಗೊರಕೆ, ಅವನಿಗೆ ಎತ್ತರ. ಅವನ ಮಗ ರಾಮಪ್ರಸಾದ ಬೋರಲು ಬೀಳುವವನು, ಅವನಿಗೆ ತೆಳ್ಳಗೆ. ಅವನ ಹೆಂಡತಿ ಜಯಾಳದು ದೊಡ್ಡ ತುರುಬು, ಕುತ್ತಿಗೆಯ ಕಡೆ ಒಂದು ಹಿಡಿ ಹೆಚ್ಚು. ತಾವು ಮಾತ್ರ ಹತ್ತೊಂಬತ್ತಕ್ಕೆ ಗಂಡ ಹೋಗಿ ಮಡಿಹೆಂಗಸಾದಂದಿನಿಂದ ಚಾಪೆಯ ಮೇಲೆ, ತಲೆಗೊಂದು ಮಣೆ ಕೊಟ್ಟುಕೊಂಡು ಮಲಗಿದವರು. ನಲವತ್ತು ವರ್ಷ! ಈಗ ಕುತ್ತಿಗೆ ಎಡಕ್ಕೆ ಹೊರಳುತ್ತಿರಲಿಲ್ಲ. ದಿಂಬು ಇಟ್ಟುಕೊಳ್ಳದಿದ್ದರೆ ಬಲಕ್ಕೂ ಹೊರಳುವುದಿಲ್ಲ ಎಂದು ಡಾಕ್ಟರು ಗದರಿಸಿದ್ದರು.

“ನಮ್ಮಂಥೋರಿಗೆ ದಿಂಬೇನೇ? ನೋಡಿದೋರು ನಗ್ತಾರೆ.”

“ಔಷಧಿ ಅಂದ್ಕೊಳ್ಳಿ ಅತ್ತೆ. ಅದಕ್ಕೆಂಥ ಮಡಿ?”

ಹತ್ತಿ ತಂದಿದ್ದ ಹುಳಿಮಾವು ಹಳ್ಳಿಯ ಸೊಣ್ಣಮ್ಮ ಬಾಗಿಲಲ್ಲೇ ಕೂತು ಕೇಳಿದಳು: “ಎಂಗಿರ್ಬೇಕು ಅಮ್ಮಾರೇ? ಗಟ್ಟಿಗಾ, ಮೆತ್ತುಗಾ?”

ಮನೆಮಂದಿಯ ತಲೆಯ ಲೆಕ್ಕವೆಲ್ಲ ನಾಲಗೆಯ ತುದಿಯಲ್ಲಿಟ್ಟುಕೊಂಡಿದ್ದ ಸೀತಮ್ಮ, “ನಂಗೇನು ಗೊತ್ತು?” ಎಂದರು. ಸೊಸೆಯಾಗಿ ಬಂದು ನಾಲ್ಕು ವರ್ಷವಾದರೂ ಜಯಾಳೂ ಒಂದು ದಿನ ಹಾಗೆ ಕೇಳಿರಲಿಲ್ಲ.

“ಮಲಗಿ ನೋಡಿ, ಗೊತ್ತಾಗತ್ತೆ,” ಎಂದು ಚೀಲ ತುಂಬಿ, ಬಾಯಿ ಹೊಲಿಯದೆ ಚಾಪೆಯ ಮೇಲಿಟ್ಟಳು.

“ಮಣೆ ತೆಗೀಬೇಡ. ಅದರ ಮೇಲೇ ಇಡು. ಇಲ್ಲದಿದ್ರೆ ನಾನು ಮಲಗಲ್ಲ.”

ಹಾಗೇ ಆಯಿತು. ಸೀತಮ್ಮ ತಲೆಯಿಟ್ಟು ಕಣ್ಣು ಮುಚ್ಚಿದರು. “ಅಯ್ಯೋ, ಎತ್ತರ ಕಣೇ. ಎಲ್ಲೋ ಅಟ್ಟದ ಮೇಲೆ ಮಲಗಿದ ಹಾಗಿದೆ.”

ಜಯಾ ಚೀಲದ ಬಾಯಿಗೆ ಕೈ ಹಾಕಿ ಎರಡು ಹಿಡಿ ಹತ್ತಿ ತೆಗೆದಳು. “ಈಗ?”

“ತಲೆ ಒಳಗೆ ಹೂತುಹೋಗತ್ತೆ. ಭಯ ಆಗತ್ತೆ.”

ಇನ್ನೆರಡು ಹಿಡಿ. “ಈಗ?”

“ಇನ್ನೊಂಚೂರು.”

ಸೊಣ್ಣಮ್ಮ ಮೊದಮೊದಲು ನಗುತ್ತಿದ್ದಳು, ಆಮೇಲೆ ಕತ್ತು ಚಾಚಿ ಚೀಲವನ್ನೇ ನೋಡತೊಡಗಿದಳು. ಜಯಾ ತೆಗೆಯುತ್ತಲೇ ಇದ್ದಳು. ಕೊನೆಗೆ ಸೀತಮ್ಮನ ಹಣೆಯ ಗೆರೆಗಳು ಸಡಿಲವಾದವು, ಮುಖದಲ್ಲಿ ನೆಮ್ಮದಿ ಕಂಡಿತು.

“ಹಾಂ, ಈಗ ಹೇಳಿ ಮಾಡಿಸಿದ ಹಾಗಿದೆ ನೋಡು. ಹೊಲಿದುಬಿಡು.”

ಜಯಾ ಸೂಜಿ ಹಿಡಿದುಕೊಂಡೇ ಕೂತಳು. ಹತ್ತಿಯೆಲ್ಲ ಅವಳ ತೊಡೆಯ ಮೇಲಿತ್ತು. ಚೀಲದೊಳಗೆ ಒಂದೆಳೆಯೂ ಉಳಿದಿರಲಿಲ್ಲ.